ಒಂದೇ ನಾಟಕ, ಮೆಚ್ಚಿನ ನಟ: ಮತ್ತೆ ಮತ್ತೆ ನೋಡುವವರಿಗೊಂದು ಕೈಪಿಡಿ

ಯಕ್ಷಗಾನದ ಒಂದೇ ಆಟವನ್ನು ಹತ್ತಾರು ಸಲ ನೋಡುವುದು ಉತ್ತರ ಕನ್ನಡದವರಿಗೆ ಹೊಸತಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ಇದೆ ಎಂದರೆ ಊರು ಬಿಟ್ಟು ಊರಿಗೆ ಹೋಗಿ ಬೆಳಗಿನವರೆಗೂ ಕೂರುವವರಿದ್ದರು. ಮೋಹಿನಿಯನ್ನು ಅನುಕರಿಸುತ್ತ ಕುಣಿದ ಭಸ್ಮಾಸುರ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಂಡು ಉರಿದುಹೋಗುತ್ತಾನೆ ಎಂಬುದು ಅವರಿಗೆಲ್ಲ ಗೊತ್ತಿತ್ತು. ಆದರೂ ಆ ಕೈ ಇಂದು ಹೇಗೆ ಮೇಲೇಳುತ್ತದೆ, ಮೋಹದಲ್ಲಿ ಮುಳುಗಿದ ಕಣ್ಣು ಇಂದು ಎಲ್ಲಿ ನಿಲ್ಲುತ್ತದೆ ಎಂದು ನೋಡಲು ಹೋಗುತ್ತಿದ್ದರು. 1933ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡ ಚಿಟ್ಟಾಣಿಯವರು ಇಳಿವಯಸ್ಸಿನಲ್ಲೂ ಗೆಜ್ಜೆ ಕಟ್ಟಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರನ್ನು ದೊಡ್ಡವರನ್ನಾಗಿ ಮಾಡಿದ್ದು ಮಾತ್ರ ಬಿಡದೆ ಬಂದು ನೋಡಿದ ಈ ಪ್ರೇಕ್ಷಕರು.

ಈ ಅಭ್ಯಾಸವನ್ನು ಆಧುನಿಕ ರಂಗಭೂಮಿಗೂ ತರಬಹುದು, ಅದರಲ್ಲೂ ಷೇಕ್ಸ್‌ಪಿಯರನ ಹಾಸ್ಯನಾಟಕಗಳಿಗೆ. ಕಾಳಿ ಕಣಿವೆಯ ಅಂಬಿಕಾನಗರದಲ್ಲಿದ್ದವರು, ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದವರು ಇದನ್ನು ಹೇಗೆ ಮಾಡಬಹುದು? ಎಲ್ಲಿ ನೋಡಬೇಕು, ಹೇಗೆ ಹೋಗಬೇಕು, ಪ್ರತಿ ಸಲ ಏನನ್ನು ಗಮನಿಸಬೇಕು? ಈ ಲೇಖನ ಅದಕ್ಕಾಗಿ.

ಹಾಸ್ಯನಾಟಕವೇ ಏಕೆ?

1623ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ಮೊದಲ ಸಮಗ್ರ ಸಂಪುಟದಲ್ಲಿ 14 ನಾಟಕಗಳು ಹಾಸ್ಯನಾಟಕಗಳ ಪಟ್ಟಿಯಲ್ಲಿವೆ. ಇವುಗಳಲ್ಲಿ ಹಲವನ್ನು ಆತ ತನ್ನ ಕಂಪನಿಯ ನಿರ್ದಿಷ್ಟ ನಟರನ್ನು ಕಣ್ಣ ಮುಂದಿಟ್ಟುಕೊಂಡೇ ಬರೆದ. ಕಂಪನಿಯ ಹಾಸ್ಯಗಾರ ವಿಲ್ ಕೆಂಪ್ ಹಳ್ಳಿಗಾಡಿನ ಒರಟು ನಗೆಗೆ, ಕುಣಿತಕ್ಕೆ ಹೆಸರಾದವನು. 'ಮಚ್ ಅಡೂ ಅಬೌಟ್ ನಥಿಂಗ್' ನಾಟಕದ ಹಳೆಯ ಮುದ್ರಣದಲ್ಲಿ ಪೊಲೀಸ್ ಪೇದೆ ಡಾಗ್‌ಬೆರಿಯ ಕೆಲವು ಮಾತುಗಳ ಮುಂದೆ ಪಾತ್ರದ ಹೆಸರಿನ ಬದಲು ಈ ನಟನ ಹೆಸರೇ ಉಳಿದುಬಿಟ್ಟಿದೆ. 1599ರ ಸುಮಾರಿಗೆ ಕೆಂಪ್ ಕಂಪನಿ ಬಿಟ್ಟ. ಅವನ ಜಾಗಕ್ಕೆ ಹಾಡುಗಾರಿಕೆಯಲ್ಲಿ, ಮಾತಿನ ಚಮತ್ಕಾರದಲ್ಲಿ ಪಳಗಿದ ರಾಬರ್ಟ್ ಆರ್ಮಿನ್ ಬಂದ. ಅಲ್ಲಿಂದ ಷೇಕ್ಸ್‌ಪಿಯರನ ವಿದೂಷಕನೂ ಬದಲಾದ. 'ಟ್ವೆಲ್ಫ್ತ್ ನೈಟ್' ನಾಟಕದ ಫೆಸ್ಟೆ ಹಾಡುತ್ತಾನೆ, ತರ್ಕ ಮಾಡುತ್ತಾನೆ, ನಗಿಸುತ್ತಲೇ ಮನಸ್ಸು ಭಾರ ಮಾಡುತ್ತಾನೆ. ನಟ ಬದಲಾದರೆ ಪಾತ್ರವೇ ಬದಲಾಗುವಷ್ಟು ಈ ನಾಟಕಗಳು ನಟನನ್ನು ನೆಚ್ಚಿಕೊಂಡಿವೆ.

ಎರಡನೆಯ ಕಾರಣ ಪ್ರೇಕ್ಷಕರು. ನಗೆ ಒಬ್ಬನಿಂದ ಹುಟ್ಟುವುದಿಲ್ಲ. ಧಾರವಾಡದವರು ನಕ್ಕ ಮಾತಿಗೆ ಹಳಿಯಾಳದಲ್ಲಿ ಸದ್ದೇ ಇರಲಿಕ್ಕಿಲ್ಲ. ಅಲ್ಲಿ ಯಾರೂ ಗಮನಿಸದ ಒಂದು ತಿರುವಿಗೆ ಇಲ್ಲಿ ಸಭೆಯೇ ಎದ್ದು ನಗಬಹುದು. ಒಳ್ಳೆಯ ನಟ ಆ ಉಸಿರನ್ನು ಹಿಡಿದು ಮುಂದಿನ ಮಾತನ್ನು ಒಂದು ಕ್ಷಣ ತಡೆಯುತ್ತಾನೆ, ಇಲ್ಲವೇ ಬೇಗ ಒಪ್ಪಿಸುತ್ತಾನೆ. ಟೈಮಿಂಗ್ ಎಂದು ರಂಗದವರು ಕರೆಯುವುದು ಇದನ್ನೇ. ಅದು ಒಂದೇ ನೋಟಕ್ಕೆ ಸಿಗುವುದಿಲ್ಲ. ಎರಡು ಊರುಗಳಲ್ಲಿ, ಎರಡು ಸಭೆಗಳ ನಡುವೆ ಕೂತು ನೋಡಿದಾಗಲೇ ನಟನ ಕೆಲಸ ಏನೆಂದು ತಿಳಿಯುತ್ತದೆ.

ಕನ್ನಡದಲ್ಲಿ ಈ ನಗೆಗೆ ಒಂದೂವರೆ ಶತಮಾನ

ಷೇಕ್ಸ್‌ಪಿಯರನ ಹಾಸ್ಯ ಕನ್ನಡಕ್ಕೆ ಹೊರಗಿನ ಸರಕಲ್ಲ. ಉತ್ತರ ಕರ್ನಾಟಕದ ಕನ್ನಡ ಶಿಕ್ಷಣಕ್ಕೆ ಬುನಾದಿ ಹಾಕಿದ ಡೆಪ್ಯುಟಿ ಚೆನ್ನಬಸಪ್ಪನವರು 1871ರಲ್ಲಿಯೇ 'ಕಾಮಿಡಿ ಆಫ್ ಎರರ್ಸ್' ನಾಟಕವನ್ನು 'ನಗದವರನ್ನು ನಗಿಸುವ ಕಥೆ' ಎಂದು ತಂದರು. ಬಿ. ವೆಂಕಟಾಚಾರ್ಯರು ಈಶ್ವರಚಂದ್ರ ವಿದ್ಯಾಸಾಗರರ ಬಂಗಾಳಿ ಕೃತಿಯ ಮೂಲಕ ಅದೇ ಕಥೆಯನ್ನು 'ಭ್ರಾಂತಿವಿಲಾಸ' ಎಂದು ಕನ್ನಡಿಸಿದರು. ಎಂ.ಎಲ್. ಶ್ರೀಕಂಠೇಶಗೌಡರ 'ಪ್ರಮೀಳಾರ್ಜುನೀಯ'ದ ಹಿಂದೆ 'ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್' ಇದೆ. ಕುವೆಂಪು 1930ರಲ್ಲಿ 'ದಿ ಟೆಂಪೆಸ್ಟ್' ನಾಟಕವನ್ನು 'ಬಿರುಗಾಳಿ'ಯಾಗಿಸಿದರು. ಪರ್ವತವಾಣಿಯವರ 'ಬಹದ್ದೂರ್ ಗಂಡ' ನಾಟಕಕ್ಕೆ 'ದಿ ಟೇಮಿಂಗ್ ಆಫ್ ದ ಶ್ರೂ' ಪ್ರೇರಣೆ. 1989ರ 'ನಂಜುಂಡಿ ಕಲ್ಯಾಣ' ಸಿನಿಮಾ ಬಂದದ್ದು ಆ ನಾಟಕದಿಂದ. ಎನ್.ಎಸ್. ಶಂಕರ್ ಅವರ 1997ರ 'ಉಲ್ಟಾ ಪಲ್ಟಾ' ಸಿನಿಮಾದಲ್ಲಿ ಮತ್ತೆ ಚೆನ್ನಬಸಪ್ಪನವರು ಹಿಡಿದ ಅವಳಿ-ಜವಳಿಗಳ ಗೊಂದಲವೇ ಇದೆ.

ನಮ್ಮ ಭಾಗದ ಜನ ಜಗತ್ತಿನ ಸಾಹಿತ್ಯವನ್ನು ರಂಗದ ಮೇಲೆ ತಮ್ಮದಾಗಿಸಿಕೊಂಡ ಉದಾಹರಣೆಯೂ ಪಕ್ಕದಲ್ಲೇ ಇದೆ. 1980ರ ದಶಕದಲ್ಲಿ ಯಲ್ಲಾಪುರ ತಾಲ್ಲೂಕಿನ ಮಂಚೀಕೇರಿಯಲ್ಲಿ ಚಿದಂಬರರಾವ್ ಜಂಬೆಯವರು ಸಿದ್ದಿ ಸಮುದಾಯದವರಿಂದ ನೈಜೀರಿಯಾದ ಚಿನುವಾ ಅಚಿಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿ ಆಧರಿಸಿದ ನಾಟಕ ಆಡಿಸಿದರು. ಅಲ್ಲಿಂದ ಮುಂದೆ ಸಿದ್ದಿ ಯುವಕ ಯುವತಿಯರು ಹೆಗ್ಗೋಡಿನ ರಂಗಸಂಸ್ಥೆಯಾದ ನೀನಾಸಮ್‌ಗೆ, ಅಲ್ಲಿಂದ ರಂಗಭೂಮಿ ಮತ್ತು ಸಿನಿಮಾಕ್ಕೆ ಹೋಗಿದ್ದಾರೆ. ಹಳಿಯಾಳ, ಮುಂಡಗೋಡದ ಓದುಗರು ಮೆಚ್ಚಿನ ನಟನನ್ನು ಹುಡುಕುವಾಗ ಮೊದಲು ತಮ್ಮ ತಾಲ್ಲೂಕಿನಿಂದಲೇ ಹುಡುಕಬಹುದು.

ಎಲ್ಲಿ, ಯಾವಾಗ?

ಒಂದೇ ನಾಟಕವನ್ನು ಹಲವು ಸಲ ನೋಡಬೇಕೆಂದರೆ ಅದು ಹಲವು ಸಲ ಆಡುವ ತಂಡದ್ದಾಗಿರಬೇಕು. ಹವ್ಯಾಸಿ ತಂಡಗಳ ಒಳ್ಳೆಯ ನಾಟಕಗಳು ಎರಡು ಮೂರು ಪ್ರದರ್ಶನಕ್ಕೆ ನಿಂತುಹೋಗುವುದುಂಟು. ಆದ್ದರಿಂದ ಮೊದಲು ಸಂಚಾರಿ ತಂಡಗಳನ್ನು, ರೆಪರ್ಟರಿಗಳನ್ನು ಗಮನಿಸಿ.

ನೀನಾಸಮ್ ತಿರುಗಾಟ: ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಮ್ 1949ರಲ್ಲಿ ಹುಟ್ಟಿತು. ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1985ರಲ್ಲಿ ಶುರುವಾದ ತಿರುಗಾಟ ಪ್ರತಿ ಸಾಲಿಗೂ ಹೊಸ ನಾಟಕಗಳನ್ನು ಸಿದ್ಧಪಡಿಸಿ, ಮಳೆ ಮುಗಿದ ಮೇಲೆ ರಾಜ್ಯ ಸುತ್ತುತ್ತದೆ. ಒಂದೇ ನಟವರ್ಗ, ಒಂದೇ ರಂಗಸಜ್ಜಿಕೆ, ದಿನಕ್ಕೊಂದು ಊರು. ಮತ್ತೆ ಮತ್ತೆ ನೋಡುವವರಿಗೆ ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ.

ಶಿವಸಂಚಾರ: ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಕುಮಾರ ಕಲಾಸಂಘದ ಸಂಚಾರಿ ತಂಡ 1997ರಿಂದ ಇದೇ ರೀತಿ ನಾಟಕಗಳನ್ನು ಹೊತ್ತು ತಿರುಗುತ್ತಿದೆ.

ರಂಗಾಯಣ: 1989ರಲ್ಲಿ ಬಿ.ವಿ. ಕಾರಂತರು ಮೈಸೂರಿನಲ್ಲಿ ಕಟ್ಟಿದ ಈ ಸಂಸ್ಥೆಗೆ ಧಾರವಾಡದಲ್ಲೂ ಶಿವಮೊಗ್ಗದಲ್ಲೂ ಘಟಕಗಳಿವೆ. ನಮಗೆ ಹತ್ತಿರದ್ದು ಧಾರವಾಡ.

ಬೆಂಗಳೂರಿನ ರಂಗಶಂಕರ: 2004ರಲ್ಲಿ ತೆರೆದ ಈ ರಂಗಮಂದಿರದಲ್ಲಿ ಸೋಮವಾರ ಬಿಟ್ಟು ಉಳಿದ ದಿನಗಳಲ್ಲಿ ನಾಟಕ ನಡೆಯುತ್ತದೆ. ಒಂದೇ ನಾಟಕ ಎರಡು ಮೂರು ದಿನ ಸತತವಾಗಿ ಇರುವುದುಂಟು. ಹೊರರಾಜ್ಯದ ಷೇಕ್ಸ್‌ಪಿಯರನೂ ಬೆಂಗಳೂರಿಗೆ ಬರುತ್ತಾನೆ. ಮುಂಬಯಿಯ ಅತುಲ್ ಕುಮಾರ್ ನಿರ್ದೇಶನದ 'ಪಿಯಾ ಬೆಹ್ರೂಪಿಯಾ' ಅಂಥದ್ದೊಂದು. 'ಟ್ವೆಲ್ಫ್ತ್ ನೈಟ್' ನಾಟಕದ ಈ ಹಿಂದಿ ರೂಪ 2012ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ಮೊದಲು ಪ್ರದರ್ಶನ ಕಂಡು, ಆಮೇಲೆ ವರ್ಷಗಟ್ಟಲೆ ಊರೂರು ಸುತ್ತಿತು. ವಯೋಲಾ ಪಾತ್ರದ ಗೀತಾಂಜಲಿ ಕುಲಕರ್ಣಿ ಅವರನ್ನು ನೋಡಲೆಂದೇ ಮರಳಿ ಬಂದವರು ಬಹಳ.

ಶಿರಸಿ ಜಾತ್ರೆ: ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಲ್ಲಿ ಕಂಪನಿ ನಾಟಕಗಳ ಡೇರೆಗಳು ಏಳುತ್ತವೆ. ಅಲ್ಲಿ ಷೇಕ್ಸ್‌ಪಿಯರ್ ಇರಲಿಕ್ಕಿಲ್ಲ. ಆದರೆ ಒಬ್ಬ ಹಾಸ್ಯನಟ ಒಂದೇ ದಿನ ಎರಡು ಪ್ರಯೋಗಗಳಲ್ಲಿ ಅದೇ ಮಾತನ್ನು ಹೇಗೆ ಬೇರೆ ಮಾಡುತ್ತಾನೆ ಎಂದು ಕಲಿಯಲು ಅದು ಒಳ್ಳೆಯ ಪಾಠಶಾಲೆ.

ಒಂದು ಮಾತು ನೆನಪಿಡಿ: ಸಂಚಾರಿ ತಂಡಗಳ ಪಟ್ಟಿಯಲ್ಲಿ ಪ್ರತಿ ವರ್ಷವೂ ಷೇಕ್ಸ್‌ಪಿಯರ್ ಇರುವುದಿಲ್ಲ. ಇರುವ ವರ್ಷ ಬಿಡಬೇಡಿ. ಇಲ್ಲದ ವರ್ಷ ನಿಮ್ಮ ನಟನ ಬೇರೆ ನಾಟಕ ನೋಡಿ, ಆ ಪರಿಚಯ ಮುಂದೆ ಉಪಯೋಗಕ್ಕೆ ಬರುತ್ತದೆ.

ಅಂಬಿಕಾನಗರದಿಂದ ಹೊರಡುವ ಮುನ್ನ

ಅಂಬಿಕಾನಗರ ಕರ್ನಾಟಕ ವಿದ್ಯುತ್ ನಿಗಮದ ಕಾಲನಿ. ನಾಗಝರಿ ವಿದ್ಯುದಾಗಾರ ಹಗಲು ರಾತ್ರಿ ನಡೆಯುವಂಥದ್ದು, ಅಲ್ಲಿ ಪಾಳಿಯ ಕೆಲಸ. ಹಾಗಾಗಿ ನಾಟಕದ ದಿನ ಗೊತ್ತಾದ ಕೂಡಲೇ ಮೊದಲು ಪಾಳಿ ಹೊಂದಿಸಿಕೊಳ್ಳಿ, ಟಿಕೆಟ್ ಆಮೇಲೆ. ನಾಟಕದ ಮರುದಿನ ಬೆಳಗಿನ ಪಾಳಿ ಇಟ್ಟುಕೊಳ್ಳದಿರುವುದು ಒಳ್ಳೆಯದು.

ಎರಡನೆಯದು ದಾರಿ. ಅಂಬಿಕಾನಗರದಿಂದ ದಾಂಡೇಲಿಗೆ ಹೋಗುವ ರಸ್ತೆ ಕುಳಗಿ ಕಾಡಿನ ನಡುವೆ ಹಾದುಹೋಗುತ್ತದೆ. ನಾಟಕ ಮುಗಿಯುವುದು ರಾತ್ರಿ ಒಂಬತ್ತೂವರೆ, ಹತ್ತಕ್ಕೆ. ಧಾರವಾಡದಿಂದ ಆ ಹೊತ್ತಿಗೆ ಹೊರಟರೆ ಕಾಡುದಾರಿ ತಲುಪುವಾಗ ನಡುರಾತ್ರಿಯಾಗಿರುತ್ತದೆ. ಕಾಡುಪ್ರಾಣಿಗಳು ರಸ್ತೆ ದಾಟುವ ಹೊತ್ತದು, ಬಸ್ಸೂ ಸಿಗುವುದಿಲ್ಲ. ದ್ವಿಚಕ್ರ ವಾಹನದಲ್ಲಿ ಆ ಸಾಹಸ ಬೇಡವೇ ಬೇಡ. ಧಾರವಾಡ ಇಲ್ಲವೇ ಹುಬ್ಬಳ್ಳಿಯಲ್ಲಿ ರಾತ್ರಿ ಉಳಿದು ಬೆಳಗಿನ ಬಸ್ಸಿಗೆ ಬನ್ನಿ. ನಾಲ್ಕೈದು ಮನೆಯವರು ಸೇರಿ ಒಂದು ಗಾಡಿ ಮಾಡಿದರೂ ಖರ್ಚು ಹಂಚಿಹೋಗುತ್ತದೆ. ಆದರೆ ಚಾಲಕ ಹಗಲು ನಿದ್ದೆ ಮಾಡಿರಬೇಕು.

ಹೆಗ್ಗೋಡಿಗೆ ಯಲ್ಲಾಪುರ, ಶಿರಸಿ, ಸಾಗರದ ದಾರಿ. ಬೆಳಿಗ್ಗೆ ಹೊರಟರೆ ಸಂಜೆಯ ನಾಟಕಕ್ಕೆ ಸಿಗುತ್ತೀರಿ. ಬೆಂಗಳೂರಿಗಾದರೆ ಹುಬ್ಬಳ್ಳಿ, ಧಾರವಾಡದಿಂದ ರಾತ್ರಿ ರೈಲು ಹಿಡಿದು, ಶನಿವಾರ ಮತ್ತು ಭಾನುವಾರದ ಪ್ರದರ್ಶನಗಳೆರಡನ್ನೂ ನೋಡಿ, ಭಾನುವಾರ ರಾತ್ರಿ ಮರಳುವ ಲೆಕ್ಕ ಹಾಕಿ. ಒಂದೇ ಪ್ರಯಾಣಕ್ಕೆ ಎರಡು ನೋಟ ಸಿಗುತ್ತವೆ. ರಂಗಶಂಕರದಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಬೆಂಗಳೂರಿನ ವಾಹನ ದಟ್ಟಣೆ ಗೊತ್ತಿಲ್ಲದವರು ಒಂದು ತಾಸು ಮೊದಲೇ ಅಲ್ಲಿರಬೇಕು.

ಖರ್ಚಿನ ವಿಷಯದಲ್ಲಿ ಒಂದು ಸಲಹೆ. ಎಲ್ಲ ಸಲವೂ ಮುಂದಿನ ಸಾಲಿನ ದುಬಾರಿ ಟಿಕೆಟ್ ಬೇಕಿಲ್ಲ. ಷೇಕ್ಸ್‌ಪಿಯರನ ಕಾಲದ ಲಂಡನ್ನಿನಲ್ಲಿ ಒಂದು ಪೆನ್ನಿ ಕೊಟ್ಟು ಅಂಗಳದಲ್ಲಿ ನಿಂತು ನೋಡಿದವರೇ ಅವನ ನಿಜವಾದ ಪ್ರೇಕ್ಷಕರು. 1997ರಲ್ಲಿ ಮತ್ತೆ ಕಟ್ಟಿ ತೆರೆದ ಗ್ಲೋಬ್‌ನಲ್ಲೂ ನಿಂತು ನೋಡುವ ಅಗ್ಗದ ಟಿಕೆಟ್ ಇದೆ. ಅಗ್ಗದ ಟಿಕೆಟ್ ಕೊಂಡು ಹೆಚ್ಚು ಸಲ ಹೋಗಿ.

ಪ್ರತಿ ಸಲ ಏನು ನೋಡಬೇಕು?

ಮೊದಲ ಸಲ ಕಥೆಗೆ ಒಪ್ಪಿಸಿಕೊಳ್ಳಿ. ಮೂಲ ಓದಿಕೊಂಡು ಹೋಗಲೇಬೇಕೆಂದಿಲ್ಲ. ಯಾರು ಯಾರ ವೇಷದಲ್ಲಿದ್ದಾರೆ, ಯಾರಿಗೆ ಯಾರ ಮೇಲೆ ಪ್ರೀತಿ ಎಂಬುದು ತಿಳಿದರೆ ಸಾಕು. ನಗು ಬಂದರೆ ನಗಿ.

ಎರಡನೆಯ ಸಲಕ್ಕೆ ಮೊದಲು ಪಠ್ಯ ಓದಿ. ಕನ್ನಡ ಅನುವಾದ ಸಿಕ್ಕರೆ ಒಳ್ಳೆಯದು. ರಂಗದ ಮೇಲೆ ಏನನ್ನು ಕೈಬಿಟ್ಟಿದ್ದಾರೆ, ಏನನ್ನು ಸೇರಿಸಿದ್ದಾರೆ ಎಂದು ಆಗ ಗೊತ್ತಾಗುತ್ತದೆ. ಈ ಸಲ ನಿಮ್ಮ ನಟನ ಮೇಲೆಯೇ ಕಣ್ಣಿಡಿ, ಅದರಲ್ಲೂ ಅವನಿಗೆ ಮಾತಿಲ್ಲದ ಹೊತ್ತಿನಲ್ಲಿ. ಬೇರೆಯವರ ಮಾತನ್ನು ಅವನು ಕೇಳುವ ರೀತಿಯಲ್ಲೇ ಅರ್ಧ ನಟನೆ ಇರುತ್ತದೆ.

'ಟ್ವೆಲ್ಫ್ತ್ ನೈಟ್' ನಾಟಕದ ಪತ್ರದ ದೃಶ್ಯವನ್ನೇ ತೆಗೆದುಕೊಳ್ಳಿ. ಒಡತಿ ಒಲಿವಿಯಾಳ ಕೈಬರಹವನ್ನು ಅನುಕರಿಸಿ ಮರಿಯಾ ಬರೆದ ಸುಳ್ಳು ಪತ್ರ ದಾರಿಯಲ್ಲಿ ಬಿದ್ದಿದೆ. ಮೇಲ್ವಿಚಾರಕ ಮಾಲ್ವೋಲಿಯೊ ಅದನ್ನು ಎತ್ತಿಕೊಳ್ಳುತ್ತಾನೆ. ಪೊದೆಯ ಹಿಂದೆ ಮೂವರು ಅಡಗಿದ್ದಾರೆ. ಒಡತಿ ತನ್ನನ್ನು ಪ್ರೀತಿಸುತ್ತಾಳೆ ಎಂಬ ನಂಬಿಕೆ ಅವನಲ್ಲಿ ಒಂದೊಂದು ಅಕ್ಷರಕ್ಕೂ ಏರುತ್ತ ಹೋಗುತ್ತದೆ. ಹಳದಿ ಕಾಲುಚೀಲ ಧರಿಸು, ಸದಾ ನಗುತ್ತಿರು ಎಂದು ಪತ್ರ ಹೇಳುತ್ತದೆ. ಜೀವನದಲ್ಲಿ ನಗದ ಮನುಷ್ಯ ಅಲ್ಲಿ ಮೊದಲ ಸಲ ನಗಲು ಪ್ರಯತ್ನಿಸಬೇಕು. ಆ ನಗೆಗೆ ನಟ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ? ತುಟಿ ಮೊದಲೋ, ಗಲ್ಲ ಮೊದಲೋ? ಪತ್ರವನ್ನು ಎದೆಗೊತ್ತಿಕೊಳ್ಳುತ್ತಾನೋ, ಮಡಚಿ ಜೇಬಿಗಿಡುತ್ತಾನೋ? ಸಭೆ ನಕ್ಕರೆ ನಿಲ್ಲುತ್ತಾನೋ, ನಗುವಿನ ಮೇಲೆಯೇ ಮಾತು ಹರಿಸುತ್ತಾನೋ? ಒಂದು ರಾತ್ರಿ ಅವನು ಬರೀ ಮೂರ್ಖನಾಗಿ ಕಂಡರೆ, ಇನ್ನೊಂದು ರಾತ್ರಿ ಪ್ರೀತಿಗಾಗಿ ಹಸಿದ ಒಂಟಿ ಮನುಷ್ಯನಾಗಿ ಕಾಣುತ್ತಾನೆ. ಹಾಗೆ ಕಂಡ ರಾತ್ರಿ, ಕೊನೆಯಲ್ಲಿ ಅವನಿಗಾಗುವ ಅವಮಾನ ನಮ್ಮ ನಗುವನ್ನೇ ಪ್ರಶ್ನಿಸುತ್ತದೆ. ಒಂದೇ ಪಠ್ಯ, ಒಬ್ಬನೇ ನಟ, ಆದರೆ ಎರಡು ನಾಟಕ.

'ದಿ ಟೇಮಿಂಗ್ ಆಫ್ ದ ಶ್ರೂ' ಸಿಕ್ಕರೆ ಕೊನೆಯಲ್ಲಿ ಕೇಟ್ ಆಡುವ ದೀರ್ಘ ಮಾತಿಗೆ ಕಾದು ಕುಳಿತುಕೊಳ್ಳಿ. ಹೆಂಡತಿ ಗಂಡನಿಗೆ ವಿಧೇಯಳಾಗಿರಬೇಕು ಎಂಬ ಆ ಮಾತನ್ನು ಇಂದಿನ ನಟಿ ಹೇಗೆ ಹೇಳುತ್ತಾಳೆ ಎಂಬುದರ ಮೇಲೆ ಇಡೀ ನಾಟಕದ ನಿಲುವು ನಿಂತಿದೆ. ಸೋತು ಹೇಳುತ್ತಾಳೋ, ಗಂಡನ ಜೊತೆ ಸೇರಿ ಸಭೆಯನ್ನು ಆಡಿಸುತ್ತಾಳೋ, ಒಳಗೊಳಗೇ ಕುದಿಯುತ್ತ ಹೇಳುತ್ತಾಳೋ? ಒಂದೇ ಸಲ ನೋಡಿ ತೀರ್ಪು ಕೊಡಬೇಡಿ.

ಮೂರನೆಯ ಸಲ ಸಭೆಯನ್ನು ನೋಡಿ. ಸಾಧ್ಯವಾದರೆ ಜಾಗ ಬದಲಿಸಿ, ಒಮ್ಮೆ ಮುಂದೆ, ಒಮ್ಮೆ ಕೊನೆಯ ಸಾಲಿನಲ್ಲಿ, ಒಮ್ಮೆ ಬದಿಯಲ್ಲಿ ಕೂರಿ. ಆಮೇಲೆ ಬೆಳಕು, ಸಂಗೀತ, ಸಹನಟರ ಕಡೆ ಗಮನ ಹೋಗಲಿ. ಮೆಚ್ಚಿನ ನಟನನ್ನು ನೋಡಲು ಹೋದವರು ಇಡೀ ತಂಡವನ್ನು ಮೆಚ್ಚಿಕೊಂಡು ಬರುವುದು ಹೀಗೆ.

ಪ್ರತಿ ಸಲವೂ ಮರಳುವ ದಾರಿಯಲ್ಲೇ ಒಂದು ಪುಟ ಬರೆಯಿರಿ: ದಿನಾಂಕ, ಊರು, ಸಭೆ ಎಷ್ಟಿತ್ತು, ಎಲ್ಲಿ ನಕ್ಕರು, ಎಲ್ಲಿ ಸುಮ್ಮನಾದರು, ಕಳೆದ ಸಲಕ್ಕಿಂತ ಏನು ಬೇರೆ. ಮರುದಿನಕ್ಕೆ ಬಿಟ್ಟರೆ ಎರಡು ಪ್ರದರ್ಶನಗಳು ಮನಸ್ಸಿನಲ್ಲಿ ಕಲಸಿಹೋಗುತ್ತವೆ. ಕನ್ನಡ ರಂಗಭೂಮಿಯ ಎಷ್ಟೋ ದೊಡ್ಡ ಅಭಿನಯಗಳಿಗೆ ದಾಖಲೆಯೇ ಇಲ್ಲ. ನಿಮ್ಮ ನೋಟ್‌ಬುಕ್ ಮುಂದೊಂದು ದಿನ ಸಂಶೋಧಕರಿಗೆ ಬೇಕಾಗಬಹುದು.

ನಟರೊಡನೆ ನಡವಳಿಕೆ

ಮೊಬೈಲ್ ಪೂರ್ತಿ ಬಂದ್ ಮಾಡಿ. ಅನುಮತಿಯಿಲ್ಲದೆ ಫೋಟೊ, ವಿಡಿಯೊ ಬೇಡ. ಮುಂದಿನ ಮಾತು ನಿಮಗೆ ಬಾಯಿಪಾಠವಾಗಿರುತ್ತದೆ, ಅದನ್ನು ಪಕ್ಕದವರಿಗೆ ಹೇಳಬೇಡಿ. ಅವರ ಮೊದಲ ನಗು ಅವರದ್ದಾಗಿರಲಿ. ನಾಟಕಕ್ಕೆ ಮೊದಲು ಗ್ರೀನ್ ರೂಮಿಗೆ ನುಗ್ಗಬೇಡಿ. ಮುಗಿದ ಮೇಲೂ ನಟರಿಗೆ ಬಣ್ಣ ತೆಗೆಯಲು, ಸಾಮಾನು ಕಟ್ಟಲು ಸಮಯ ಬೇಕು, ಸಂಚಾರಿ ತಂಡದ ನಟರು ರಂಗಸಜ್ಜಿಕೆಯನ್ನೂ ತಾವೇ ಬಿಚ್ಚುತ್ತಾರೆ. ಮಾತಾಡಲು ಸಿಕ್ಕರೆ 'ಚೆನ್ನಾಗಿತ್ತು' ಎಂದು ಮುಗಿಸದೆ, ಇಂಥ ದೃಶ್ಯದಲ್ಲಿ ಇಂಥದ್ದು ಕಂಡೆ ಎಂದು ಹೇಳಿ. ನಟನಿಗೆ ಅದಕ್ಕಿಂತ ದೊಡ್ಡ ಉಡುಗೊರೆಯಿಲ್ಲ. ಅವರ ಖಾಸಗಿ ಬದುಕಿನ ಬಾಗಿಲು ತಟ್ಟುವ ಹಕ್ಕು ಮಾತ್ರ ಯಾವ ಅಭಿಮಾನಿಗೂ ಇಲ್ಲ.

ನಾಟಕವನ್ನೇ ಊರಿಗೆ ಕರೆಸಿ

ಹತ್ತು ಸಲ ಹೊರಗೆ ಹೋಗುವುದಕ್ಕಿಂತ ಒಮ್ಮೆ ಕರೆಸುವುದು ಮೇಲು. ತಿರುಗಾಟದಂಥ ತಂಡಗಳು ನಡೆಯುವುದು ಸ್ಥಳೀಯ ಸಂಘಟಕರಿಂದಲೇ. ತಂಡದ ಸಂಭಾವನೆ, ಊಟ, ವಸತಿ, ವೇದಿಕೆ, ವಿದ್ಯುತ್ ಇಷ್ಟನ್ನು ಊರು ಹೊತ್ತುಕೊಂಡರೆ ನಾಟಕ ಮನೆ ಬಾಗಿಲಿಗೆ ಬರುತ್ತದೆ. ಅಂಬಿಕಾನಗರದ ಕಾಲನಿ, ದಾಂಡೇಲಿಯ ಕಾಗದ ಕಾರ್ಖಾನೆಯ ಬಂಗೂರನಗರ, ಹಳಿಯಾಳ ಮತ್ತು ಮುಂಡಗೋಡದ ಕಾಲೇಜುಗಳು, ಜೋಯಿಡಾದ ಯುವಕ ಸಂಘಗಳು ಒಟ್ಟಾದರೆ ಅಕ್ಕಪಕ್ಕದ ಮೂರು ಊರುಗಳಲ್ಲಿ ಮೂರು ಸಂಜೆ ಪ್ರದರ್ಶನ ಇಡಬಹುದು. ತಂಡಕ್ಕೆ ಪ್ರಯಾಣದ ಖರ್ಚು ಉಳಿಯುತ್ತದೆ, ನಿಮಗೆ ಸತತ ಮೂರು ದಿನ ಅದೇ ನಾಟಕ ಸಿಗುತ್ತದೆ.

ಮಳೆಗಾಲ ಮುಗಿಯುವ ಮೊದಲೇ ತಂಡಕ್ಕೆ ಪತ್ರ ಬರೆಯಿರಿ, ಆ ಸಾಲಿನ ನಾಟಕಗಳು ಯಾವುವು ಎಂದು ಕೇಳಿ. ವೇದಿಕೆಯ ಅಳತೆ, ವಿದ್ಯುತ್ ಸಂಪರ್ಕದ ಸಾಮರ್ಥ್ಯ ಮೊದಲೇ ತಿಳಿಸಿ. ಪರೀಕ್ಷೆ, ಜಾತ್ರೆ, ಯಕ್ಷಗಾನದ ದೊಡ್ಡ ಆಟ ಇರುವ ದಿನ ತಪ್ಪಿಸಿ. ಟಿಕೆಟ್ ಇಡಿ, ಸಣ್ಣ ಮೊತ್ತವಾದರೂ ಸರಿ. ಪುಕ್ಕಟೆ ಪಾಸು ಹಂಚಿದರೆ ಸಭೆ ತುಂಬಬಹುದು, ರಂಗಭೂಮಿ ಉಳಿಯುವುದಿಲ್ಲ.

ಯಾವುದಕ್ಕೂ ಅನುಕೂಲವಾಗದ ವರ್ಷ 'ಉಲ್ಟಾ ಪಲ್ಟಾ', ಅದೇ ಅವಳಿ-ಜವಳಿಗಳ ಕಥೆಯ ಗುಲ್ಜಾರ್ ಅವರ 1982ರ ಸಿನಿಮಾ 'ಅಂಗೂರ್' ಎರಡನ್ನೂ ಮನೆಯಲ್ಲಿ ನೋಡಿ ಹೋಲಿಸಿ. ಲಂಡನ್ನಿನ ನ್ಯಾಷನಲ್ ಥಿಯೇಟರ್ 2009ರಿಂದ ತನ್ನ ನಾಟಕಗಳನ್ನು ತೆರೆಯ ಮೇಲೆ ತೋರಿಸುತ್ತಿದೆ, ದೊಡ್ಡ ನಗರಗಳಿಗೆ ಹೋದಾಗ ವಿಚಾರಿಸಿ. ಆದರೆ ತೆರೆಯ ಮೇಲಿನ ನಟನಿಗೆ ನಿಮ್ಮ ನಗು ಕೇಳಿಸುವುದಿಲ್ಲ. ನಿಮ್ಮ ನಗುವಿಗೆ ತಕ್ಕಂತೆ ಅವನು ಬದಲಾಗುವುದೂ ಇಲ್ಲ.

ಆದ್ದರಿಂದ ಓದುಗರಲ್ಲಿ ವಿನಂತಿ ಇಷ್ಟೆ. ಈ ಸಾಲಿನ ತಿರುಗಾಟದ ಪಟ್ಟಿ ಬಂದೊಡನೆ ಒಬ್ಬ ನಟನನ್ನು, ಒಂದು ನಾಟಕವನ್ನು ಆರಿಸಿಕೊಳ್ಳಿ. ಕನಿಷ್ಠ ಮೂರು ಸಲ, ಟಿಕೆಟ್ ಕೊಂಡು ನೋಡಿ. ಮೂರನೆಯ ಸಲ ಹೋಗುವಾಗ ನಾಟಕವನ್ನೇ ನೋಡದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.